ಒಳಗೆ ಬಾರದ ತಕರಾರು

"ರಸ್ತೆ ಈಗ ನಿಮ್ ಕೇರಿ ಮ್ಯಾಲೇ ಬಂತು ಕಣ್ಲಾ ನಿಂಗ," ಎಂದು ಪುರಸಭೆಯ ಬಾಗಿಲಲ್ಲಿ ನಿಂತ ಜವಾನ ಹೇಳಿದಾಗ, ಮೆಟ್ಟಿಲ ಕೆಳಗಿದ್ದ ನಿಂಗಯ್ಯನ ಕೈ ತಮಟೆಯ ಮೇಲೆ ಹಾಗೇ ನಿಂತಿತು.

ಊರಿನ ಹೊಸ ನಕ್ಷೆ ಸಿದ್ಧವಾಗಿದೆ, ಕವಲಂದೆ ಕಡೆಗೆ ಅಗಲದ ರಸ್ತೆ ಬರುತ್ತದೆ ಎಂದು ವಾರವೆಲ್ಲ ಗಂಟಲು ಹರಿಯುವಂತೆ ಸಾರಿದವನು ಅವನೇ. "ತಕರಾರು ಇರೋರು ಸುಕ್ರವಾರ ಸಭೆ ಒಳೀಕೇ ಬಂದು ಏಳ್ಕಬೇಕು!" ಒಳಕ್ಕೇ ಎಂಬುದನ್ನು ಒತ್ತಿ ಹೇಳಬೇಕೆಂದು ಗುಮಾಸ್ತರು ಕಲಿಸಿಕೊಟ್ಟಿದ್ದರು. ಇವತ್ತು ಬೆಳಿಗ್ಗೆಯೇ ಅಗ್ರಹಾರದವರು ಒಳಗೆ ಹೋಗಿ ಹೇಳಿಕೊಂಡರು. ನಕ್ಷೆಯ ಗೆರೆ ಅವರ ಹಿತ್ತಿಲು ಬಿಟ್ಟು ಸರಿಯಿತು. ಪೇಟೆಯ ಶೆಟ್ಟರು ಹೇಳಿಕೊಂಡರು. ಅವರ ಮಳಿಗೆ ಬಿಟ್ಟು ಇನ್ನೂ ಸರಿಯಿತು. ಗೆರೆಗೇನು, ಎಳೆದತ್ತ ಬರುತ್ತದೆ. ಸರಿಯದೆ ಕೂತಿದ್ದು ಆ ಮೆಟ್ಟಿಲುಗಳು ಮಾತ್ರ. ನಿಂಗಯ್ಯನ ಕೇರಿಯವರು ಅವನ್ನು ಹತ್ತುವಂತಿರಲಿಲ್ಲ.

ಅವನು ತಮಟೆ ಎತ್ತಿ ಬಡಿದ. ಊರಿಗಾಗಿ ಎಂದೂ ಬಡಿಯದ ಹಾಗೆ ಬಡಿದ. "ನಮ್ದೂ ತಕರಾರದೆ ಬುದ್ಧೀ! ಗುಡ್ಲು ಕಿತ್ತಾಕುದ್ರೆ ಎಳೆ ಮಕ್ಳ ಕಟ್ಕಂಡು ಎಲ್ಲಿಗೋಗವ?"

ಅಧ್ಯಕ್ಷರು ಕಿಟಕಿಗೆ ಬಂದರು. ಅವನನ್ನು ನೋಡಿದರು, ಪೂರ್ತಿ ಕೇಳಿಸಿಕೊಂಡರು. ನಿಂಗಯ್ಯ ಕೋಲು ಇಳಿಸಿ ಕೈಮುಗಿದ. ಅವರು ಒಳಗೆ ತಿರುಗಿ ಗುಮಾಸ್ತರಿಗೆ ಹೇಳಿದ್ದು ಅಂಗಳದವರೆಗೂ ಕೇಳಿಸಿತು:

"ಕೊನೇ ಸಲವೂ ಸಾರಿಸಿದ್ದಾಯ್ತು. ಇನ್ಯಾರೂ ಒಳಗೆ ಬರಲಿಲ್ಲ. ತಕರಾರಿಲ್ಲ ಅಂತ ಬರಕೊಳ್ಳಿ."