ಜಯಾಳ ಮೂರ್ಛೆ

ನಟ ಅಭಿಜಯನ ತೋಳುಗಳಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ಜಯಾಗೆ ಮೂರ್ಛೆಯೇನೂ ಬಂದಿರಲಿಲ್ಲ. ಮರಾಠಿ ಸೀಮೆಯ ಸೀತಾಬರ್ಡಿ ಪೇಟೆಯಲ್ಲಿ ಸೀರೆ ಅಂಗಡಿಯ ಉದ್ಘಾಟನೆಗೆ ಬಂದವನ ಹತ್ತಿರ ಹೋಗಲು ಬೇರೆ ದಾರಿ ಕಾಣದೆ, ಅವನ ಕಾಲ ಬಳಿಯೇ ಕುಸಿದಂತೆ ನಟಿಸಿದ್ದಳು. ಹಿಂದಿ ಧಾರಾವಾಹಿಗಳಲ್ಲಿ ಹೆಸರು ಮಾಡಿದ್ದರೂ ಅವನು ಹುಟ್ಟಿನಿಂದ ಕನ್ನಡದವನು. ಅವ್ವ ತೀರಿಕೊಂಡ ಮೇಲೆ ಜಯಾ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಟಿವಿಯಲ್ಲಿ ಬರುವ ಅವನ ಮುಖದ ಜೊತೆ ಮಾತ್ರ.

“ಫ್ಯಾನ್ಸ್ ಹೀ ಮೇರಾ ಪರಿವಾರ್ ಹೈ,” ಅಭಿಮಾನಿಗಳೇ ನನ್ನ ಕುಟುಂಬ ಎನ್ನುತ್ತಾ ಅಭಿಜಯ ಮೊಬೈಲುಗಳಿಗೆ ಕಾಣುವಂತೆ ಅವಳ ಹಣೆ ಸವರಿದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ, ಇಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಿಂದ, ಮ್ಯಾನೇಜರನಿಗೆ ಕನ್ನಡದಲ್ಲಿ ಪಿಸುಗುಟ್ಟಿದ: “ವಿಡಿಯೊ ಆಯ್ತಲ್ಲ? ಈ ಹೆಂಗಸನ್ನ ಬೇಗ ಎತ್ತೋ ಮಾರಾಯ, ಬೆವರು ವಾಸನೆ ತಡೆಯೋಕಾಗ್ತಿಲ್ಲ.”

ಜಯಾಳ ಮೈಯೆಲ್ಲ ನಾಚಿಕೆಯಿಂದ ಸುಟ್ಟಿತು. ಎದ್ದು ಓಡೋಣವೆಂದರೆ ಅಷ್ಟು ಜನರೆದುರು ನಾಟಕ ಬಯಲಾಗುತ್ತಿತ್ತು. ಮ್ಯಾನೇಜರ್ ಅವಳನ್ನು ಎತ್ತಲು ಬಾಗಿದ. “ಅಣ್ಣಾ, ನಿಮ್ಮ ಅಂಗಿ ಹಿಡ್ಕೊಂಡಿದಾರೆ, ಬಿಡ್ತಾನೇ ಇಲ್ಲ.”

“ಬಿಡಿಸೋ!” ಎಂದ ಅಭಿಜಯ, ಮುಖದ ನಗು ಮಾಸದಂತೆ ನೋಡಿಕೊಂಡು.

ಜಯಾ ಕಣ್ಣು ತೆರೆಯದೆಯೇ ಮೆಲ್ಲಗೆ ಅಂದಳು: “ಬೈಯ್ರಿ, ಅಡ್ಡಿಯಿಲ್ಲ. ಇನ್ನೊಂದೀಟು ಕನ್ನಡದಾಗ ಮಾತಾಡ್ರಿ.”