ಪುಸ್ತಕದಲ್ಲಿಲ್ಲದ ಸಾಲು

ಆ ಪುಸ್ತಕ ತೆರೆದರೆ ಇಂದಿಗೂ ಕಂಬಳಿಯ ವಾಸನೆ ಬರುತ್ತದೆ. ಎಪ್ಪತ್ತರ ದಶಕದಲ್ಲಿ, ಮತ್ತೋಡಿನ ನಮ್ಮ ಮನೆಯಲ್ಲಿ, ತಾತ ಅದನ್ನು ಕಂಬಳಿಯ ತುಂಡಿನಲ್ಲಿ ಸುತ್ತಿಡುತ್ತಿದ್ದ. ಬರೆದವರು ಒಬ್ಬ ತತ್ವಜ್ಞಾನಿ. ಅವರು ಹೇಳಿದರೆಂದರೆ ತಾತನಿಗೆ ಮುಗಿಯಿತು. ಮನೆಯಲ್ಲಿ ಯಾರೂ ಎದುರಾಡುವಂತಿರಲಿಲ್ಲ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ದಿನವೂ ನಾನೇ ಓದಿ ಹೇಳಬೇಕಿತ್ತು.

ಒಂದು ಮಧ್ಯಾಹ್ನ, 'ಬೇಕು ಎನ್ನುವವನಿಗೆ ನೆಮ್ಮದಿಯಿಲ್ಲ' ಎಂದು ಓದಿದೆ. ಅಂಗಳದಲ್ಲಿ ತಾಯಿ ಸತ್ತ ಕುರಿಮರಿಯೊಂದು ಬೆಳಗಿನಿಂದ ಅರಚುತ್ತಿತ್ತು. ಓದುವ ದನಿಯಲ್ಲೇ ನನ್ನದೊಂದು ಸಾಲು ಸೇರಿಸಿಬಿಟ್ಟೆ: 'ಆದರೆ ಹಸಿದ ಮರಿ ಹಾಲು ಬೇಕೆಂದರೆ ಅದು ತಪ್ಪಲ್ಲ.'

ತಲೆದೂಗುತ್ತಿದ್ದ ತಾತ ತಟ್ಟನೆ ನಿಲ್ಲಿಸಿದ.

"ಇನ್ನೊಂದ್ಸಲ ಓದವ್ವ."

ಓದಿದೆ. ನನ್ನ ಸಾಲನ್ನೂ ಸೇರಿಸಿಯೇ.

"ಇಪ್ಪತ್ತು ವರ್ಷ ಓದೀನಿ. ಈ ಮಾತು ಇದ್ರಾಗಿಲ್ಲ."

ಅವನಿಗೆ ಕಾಣುವುದಿಲ್ಲವೆಂಬುದನ್ನೂ ಮರೆತು ತಲೆ ತಗ್ಗಿಸಿದೆ. ಮರಿ ಮತ್ತೆ ಅರಚಿತು. ತಾತ ಬಹಳ ಹೊತ್ತು ಅದನ್ನೇ ಕೇಳುತ್ತ ಕುಳಿತಿದ್ದ.

"ಪೆನ್ಸಿಲ್ ಐತೇನು? ನಿನ್ನ ಮಾತನ್ನ ಆ ಸಾಲಿನ ಪಕ್ಕದಾಗೆ ಬರಿ," ಅಂದ. "ನಾಳೆ ಓದುವಾಗ ಅದನ್ನ ಬಿಡಬ್ಯಾಡ."