ತಿರುಗುವ ಸ್ಟೂಲು

ಪ್ರಿನ್ಸಿಪಾಲ್ ರುದ್ರಯ್ಯನವರು ಬಂದು ಹಿಂದಿನ ಬೆಂಚಿನಲ್ಲಿ ಕೂತರೂ ಪ್ರೇಮಕುಮಾರಿ ಸೀಮೆಸುಣ್ಣ ಕೈಗೆತ್ತಿಕೊಳ್ಳಲಿಲ್ಲ. ಚನ್ನರಾಯಪಟ್ಟಣದ ಸೈಕಲ್ ಶಾಪಿನಲ್ಲಿ ಬೇರಿಂಗ್ ಹಾಕಿಸಿ ತಂದಿದ್ದ ತನ್ನ ಸ್ಟೂಲನ್ನು ಎಳೆದು ತರಗತಿಯ ಮುಂದೆ ಇಟ್ಟಳು.

ಬೆಳಿಗ್ಗೆಯೇ ಅವರು ಕೋಣೆಗೆ ಕರೆಸಿ ಹೇಳಿದ್ದರು. “ಹುಡುಗರು ನಿಮ್ಮ ಮಾತು ಕೇಳಲ್ಲ ಅಂತ ದೂರು ಬಂದಿದೆಯಮ್ಮ. ಸೋಮವಾರದಿಂದ ಬೇರೆಯವರು ಬರ್ತಾರೆ. ಇವತ್ತಿನ ಕ್ಲಾಸಲ್ಲಿ ಗಲಾಟೆ ಆಗದ ಹಾಗೆ ನಾನೇ ಬಂದು ಕೂತಿರ್ತೀನಿ.” ಹಾಸನದ ಆ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಹೆಂಗಸು ಅವಳೊಬ್ಬಳೇ. ಬರುವವರು ಆಡಳಿತ ಮಂಡಳಿಯವರೊಬ್ಬರ ಅಳಿಯ ಎಂಬುದು ಜವಾನನಿಗೂ ಗೊತ್ತಿತ್ತು.

“ಯಾರಾದರೂ ಬಂದು ಇದರ ಮೇಲೆ ಕೂತ್ಕೊಳ್ಳಿ,” ಎಂದಳು. ಯಾರೂ ಏಳಲಿಲ್ಲ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. “ಸಾರ್, ಹಾಗಾದ್ರೆ ನೀವೇ ಬನ್ನಿ.”

ಅಷ್ಟು ಹುಡುಗರ ಎದುರಿಗೆ ಒಲ್ಲೆ ಎನ್ನಲಾಗದೆ ರುದ್ರಯ್ಯನವರು ಕೋಟಿನ ಗುಂಡಿ ಹಾಕಿಕೊಂಡು ಬಂದು ಕೂತರು. ಎರಡೂ ಕೈಗೆ ಒಂದೊಂದು ತೂಕದ ಬಟ್ಟು ಕೊಟ್ಟು, ತೋಳು ಚಾಚಿಸಿ, ಮುಂದಿನ ಸಾಲಿನ ಹುಡುಗನನ್ನು ಕರೆದಳು. ಹರದನಹಳ್ಳಿಯಿಂದ ಬಂದು ಓದುತ್ತಿದ್ದ ದೇವರಾಜು. “ಒಂದು ಸಲ ತಳ್ಳು. ಆಮೇಲೆ ಮುಟ್ಟಬೇಡ.”

ಸ್ಟೂಲು ನಿಧಾನವಾಗಿ ತಿರುಗಿತು.

“ಈಗ ಕೈ ಎದೆಗೆ ತನ್ನಿ, ಸಾರ್.”

ತಂದರು. ಸ್ಟೂಲು ಗಿರ್ರನೆ ಸುತ್ತತೊಡಗಿತು. ಕೋಟಿನ ಅಂಚು ಮೇಲೆದ್ದಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಯಾರೂ ನಗಲಿಲ್ಲ, ಹುಡುಗರೆಲ್ಲ ಎದ್ದು ನಿಂತು ನೋಡುತ್ತಿದ್ದರು.

“ನಿಲ್ಲಿಸ್ರಮ್ಮ!”

“ಕೈ ಚಾಚಿ, ಸಾರ್.” ವೇಗ ಇಳಿಯಿತು.

“ಯಾರೂ ಮುಟ್ನೇ ಇಲ್ವಲ್ಲ ಮೇಡಂ, ಎಂಗೆ ಜೋರಾಯ್ತು?” ದೇವರಾಜು ಕೇಳಿದ.

“ನೀನು ತಳ್ಳಿದೆಯಲ್ಲ, ಅದು ಟಾರ್ಕ್. ಅದರಿಂದ ಬಂದದ್ದು ಆಂಗ್ಯುಲರ್ ಮೊಮೆಂಟಮ್, ಅಂದರೆ ಭಾರ ಎಷ್ಟು, ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಸುತ್ತುತ್ತೆ, ಮೂರೂ ಸೇರಿದ ಲೆಕ್ಕ. ಹೊರಗಿನಿಂದ ಮತ್ತೆ ಟಾರ್ಕ್ ಬೀಳೋ ತನಕ ಅದು ಹೆಚ್ಚೋದೂ ಇಲ್ಲ, ಕಮ್ಮಿಯಾಗೋದೂ ಇಲ್ಲ. ಭಾರ ಒಳಕ್ಕೆ ಬಂದರೆ ಸುತ್ತೋದು ಜೋರಾಗುತ್ತೆ, ಹೊರಕ್ಕೆ ಹೋದರೆ ನಿಧಾನವಾಗುತ್ತೆ, ಅಷ್ಟೇ. ಬೇರಿಂಗಿನ ಉಜ್ಜಾಟ ಸ್ವಲ್ಪ ತಿನ್ನುತ್ತೆ. ತಕ್ಷಣ ನಿಲ್ಲಬೇಕು ಅಂದರೆ ಯಾರಾದರೂ ಕೈ ಹಾಕಬೇಕು.” ಹೇಳಿ, ಸ್ಟೂಲಿನ ಅಂಚು ಹಿಡಿದು ನಿಲ್ಲಿಸಿದಳು.

ಗಂಟೆ ಹೊಡೆದರೂ ಹುಡುಗರು ಹೊರಗೆ ಹೋಗಲಿಲ್ಲ. ಒಬ್ಬರಾದ ಮೇಲೊಬ್ಬರು ಕೂತು ಸುತ್ತಿದರು. ರುದ್ರಯ್ಯನವರು ಬಾಗಿಲ ಬಳಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು.

“ನಾನೂ ಫಿಸಿಕ್ಸ್ ಮೇಷ್ಟ್ರೇ ಕಣಮ್ಮ. ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದೆ. ಮೈಗೆ ತಿಳಿದದ್ದು ಇವತ್ತೇ.”

ಪ್ರೇಮಕುಮಾರಿಗೆ ಎದೆಯಲ್ಲಿ ಸಣ್ಣದೊಂದು ಆಸೆ ಮಿಸುಕಿತು. ಕಾದಳು.

“ಆದ್ರೆ ಮಂಡಳಿಯವರಿಗೆ ಮಾತು ಕೊಟ್ಟಾಗಿದೆ. ಸ್ಟೂಲು ಮಾತ್ರ ಇಲ್ಲೇ ಬಿಟ್ಟುಹೋಗಿ. ಬರೋರಿಗೆ ಬೇಕಾಗುತ್ತೆ.”

ಅವಳು ಚೀಲ, ಕೊಡೆ ತೆಗೆದುಕೊಂಡು ಹೊರಟಳು. ದೇವರಾಜು ಸ್ಟೂಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಅವಳ ಹಿಂದೆ ನಡೆದ. ಇಡೀ ತರಗತಿ ಸರಿದು ದಾರಿ ಬಿಟ್ಟಿತು.

“ಲೋ, ಇಳಿಸೋ ಅದನ್ನ!” ಪ್ರಿನ್ಸಿಪಾಲರು ಕೂಗಿದರು.

ಹುಡುಗ ನಿಂತ. “ಮೇಡಮ್ಮೋರು ಯೋಳಿದ್ರೆ ಇಳಿಸ್ತೀನಿ, ಸಾ.”